ಹಸಿರುಮನೆ ಟೊಮೆಟೊ: ದಣಿದ ಮಣ್ಣನ್ನು ಜೀವಾಣು ಗೊಬ್ಬರದಿಂದ ಚೇತರಿಸುವ ಸಮಗ್ರ ಮಾರ್ಗದರ್ಶಿ

ಹಸಿರುಮನೆಯ ಮಣ್ಣಿನ ಮೇಲೆ ಮಳೆ ಬೀಳುವುದಿಲ್ಲ. ಎಲೆ ಒದ್ದೆಯಾಗದ ಕಾರಣ ಟೊಮೆಟೊಗೆ ಬರುವ ಎಷ್ಟೋ ರೋಗಗಳು ದೂರವೇ ಉಳಿಯುತ್ತವೆ. ಆದರೆ ಬಯಲು ಹೊಲದಲ್ಲಿ ಮಳೆನೀರಿನ ಜೊತೆ ಆಳಕ್ಕೆ ಇಳಿದುಹೋಗುವ ಉಪ್ಪಿನಂಶ ಇಲ್ಲಿ ಬೇರಿನ ಮಟ್ಟದಲ್ಲೇ ನಿಂತುಬಿಡುತ್ತದೆ. ಬೆಳೆಯ ಮೇಲೆ ಬೆಳೆ ಟೊಮೆಟೊವನ್ನೇ ಹಾಕುತ್ತಾ ಹೋದರೆ ರಂಜಕ ಕೂಡುತ್ತದೆ, ಅಮೋನಿಯಾ ರೂಪದ ಗೊಬ್ಬರದಿಂದ ಹುಳಿತನ ಏರುತ್ತದೆ, ಟೊಮೆಟೊ ಬೇರನ್ನೇ ಹುಡುಕಿ ಬರುವ ಶಿಲೀಂಧ್ರಗಳೂ ಜಂತುಹುಳುಗಳೂ (ಮಣ್ಣಿನಲ್ಲಿರುವ ಅತಿ ಸಣ್ಣ ಹುಳುಗಳು, ನೆಮಟೋಡ್) ಬೇರೂರುತ್ತವೆ. ಮೊದಲೆರಡು ಬೆಳೆ ಭರ್ಜರಿಯಾಗಿ ಬಂದು, ಆಮೇಲೆ ಅದೇ ಗೊಬ್ಬರ, ಅದೇ ನೀರು, ಅದೇ ತಳಿಯಲ್ಲಿ ಇಳುವರಿ ಕುಸಿಯುವುದು ಇದರಿಂದಲೇ.

ಈ ಹಂತದಲ್ಲಿ ಹೆಚ್ಚಿನವರು ಜೀವಾಣು ಗೊಬ್ಬರದ, ಅಂದರೆ ಬೇರಿಗೆ ನೆರವಾಗುವ ಜೀವಂತ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಪೊಟ್ಟಣ ತಂದು ಮಡಿಯ ಮೇಲೆ ಎರಚುತ್ತಾರೆ, ತಿಂಗಳು ಕಾಯುತ್ತಾರೆ, ಏನೂ ಆಗಲಿಲ್ಲವೆಂದು ಬೇಸರಪಡುತ್ತಾರೆ. ಉತ್ಪನ್ನ ಚೆನ್ನಾಗಿದ್ದರೂ ಹೀಗಾಗುವುದುಂಟು. ಯಾಕೆಂದರೆ ಜೀವಾಣು ಗೊಬ್ಬರ ಯೂರಿಯಾದಂತೆ ಕರಗಿ ಕೆಲಸ ಮಾಡುವ ವಸ್ತುವಲ್ಲ, ಅದು ಬಿತ್ತನೆ ಬೀಜದಂತೆ. ಹದವಾದ ನೆಲ, ಸರಿಯಾದ ಜಾಗ, ಸಕಾಲದ ತೇವ ಮತ್ತು ಆಹಾರ ಸಿಕ್ಕರೆ ಮಾತ್ರ ನೆಲೆಯೂರುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಮಾತಿನ ಸುತ್ತಲೇ ಇವೆ.

ಮೊದಲು ಒಂದು ಲೆಕ್ಕ

1000 ಚದರ ಮೀಟರ್ ಹಸಿರುಮನೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 180 ಟನ್, ಅಂದರೆ 18 ಕೋಟಿ ಗ್ರಾಂ. ಗ್ರಾಂಗೆ 10 ಕೋಟಿ ಜೀವಂತ ಕಣಗಳಿರುವ ಒಳ್ಳೆಯ ಉತ್ಪನ್ನವನ್ನು 1 ಕೆ.ಜಿ. ತಂದು ಇಡೀ ಮಣ್ಣಿಗೆ ಸಮನಾಗಿ ಬೆರೆಸಿದಿರಿ ಎನ್ನಿ. ಒಂದು ಗ್ರಾಂ ಮಣ್ಣಿನ ಪಾಲಿಗೆ ಬರುವುದು ಸುಮಾರು 550 ಕಣಗಳು. ಅದೇ ಒಂದು ಗ್ರಾಂ ಮಣ್ಣಿನಲ್ಲಿ ಮೊದಲೇ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ. ಈ 550 ಕಣಗಳು ಆ ಗುಂಪಿನಲ್ಲಿ ಗೆದ್ದು ಬರಲಾರವು.

ಈಗ ಅದೇ ಪುಡಿಯ ಒಂದೇ ಒಂದು ಗ್ರಾಂ ಅನ್ನು ಸಸಿ ಟ್ರೇಯ ಒಂದು ಗುಳಿಗೆ, ಸುಮಾರು 25 ಗ್ರಾಂ ಮಾಧ್ಯಮಕ್ಕೆ ಬೆರೆಸಿ. ಗ್ರಾಂಗೆ 40 ಲಕ್ಷ ಕಣಗಳು, ಅದೂ ಎಳೆ ಬೇರು ಹೊರಬರುವ ಕ್ಷಣದಲ್ಲಿ, ಪೈಪೋಟಿಗೆ ಯಾರೂ ಇಲ್ಲದ ತೆಂಗಿನ ನಾರಿನ ಪುಡಿಯಲ್ಲಿ. ಬೇರು ಬೆಳೆದಂತೆ ಅವೂ ಅದರ ಜೊತೆ ಮಡಿಗೆ ಹೋಗುತ್ತವೆ. ಎಲ್ಲಿ ಕೊಡುತ್ತೇವೆ ಎಂಬುದು ಎಷ್ಟು ಕೊಡುತ್ತೇವೆ ಎಂಬುದಕ್ಕಿಂತ ಏಕೆ ದೊಡ್ಡದು ಎಂದು ಈ ಲೆಕ್ಕವೇ ಹೇಳುತ್ತದೆ.

ಹಂತ 1: ಹಳೆಯ ಬೆಳೆ ನಿಂತಿರುವಾಗಲೇ ರೋಗ ಗುರುತಿಸಿ

ಗಿಡ ಕಿತ್ತು, ನೆಲ ಉತ್ತ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಬೆಳೆ ಮುಗಿಯುವ ಮೊದಲೇ ಸೊರಗಿದ ನಾಲ್ಕೈದು ಗಿಡಗಳನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ.

ಬೇರನ್ನು ನೀರಿನಲ್ಲಿ ಅಲುಗಿಸಿ ತೊಳೆಯಿರಿ. ಬೇರೇ ಉಬ್ಬಿ, ಮಣಿ ಪೋಣಿಸಿದಂತೆ ಗಂಟುಗಂಟಾಗಿದ್ದರೆ ಅದು ಬೇರುಗಂಟು ಜಂತುಹುಳು. ನಂತರ ನೆಲಮಟ್ಟದಿಂದ ಒಂದು ಗೇಣು ಮೇಲೆ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ತೆಳು ಎಳೆಗಳು ನೀರಿಗೆ ಇಳಿದರೆ ಅದು ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ ತರುವ ದುಂಡಾಣು ಸೊರಗು ರೋಗ. ಎಳೆ ಇಳಿಯದೆ, ಕಾಂಡದ ಸಿಪ್ಪೆ ಸುಲಿದಾಗ ಒಳನಾಳ ಕಂದಾಗಿದ್ದು, ಗಿಡದ ಒಂದು ಪಕ್ಕದ ಎಲೆಗಳು ಮೊದಲು ಹಳದಿಯಾಗಿದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗದ ಸಂಶಯ ಬಲವಾಗಿರುತ್ತದೆ.

ಈ ವ್ಯತ್ಯಾಸ ತಿಳಿಯದೆ ಮುಂದೆ ಹೋಗಬೇಡಿ. ಜಂತುಹುಳು ಮತ್ತು ಫ್ಯುಸೇರಿಯಂ ವಿರುದ್ಧ ಜೀವಾಣುಗಳು ಬೇರಿಗೆ ನಿಜವಾದ ನೆರವು ಕೊಡುತ್ತವೆ. ದುಂಡಾಣು ಸೊರಗು ರೋಗ ಮಡಿತುಂಬ ಹಬ್ಬಿದ್ದರೆ ಜೀವಾಣು ಗೊಬ್ಬರವೊಂದನ್ನೇ ನಂಬುವುದು ಸರಿಯಲ್ಲ. ಅಲ್ಲಿ ನಿರೋಧಕ ಬೇರುಕಾಂಡದ ಮೇಲೆ ಕಸಿ ಮಾಡಿದ ಸಸಿಯೇ ಮೊದಲ ಆಸರೆ, ಜೀವಾಣು ಅದಕ್ಕೆ ಜೊತೆಗಾರ. ಹವಾಯಿ 7996 ಎಂಬ ಟೊಮೆಟೊ ತಳಿ ಈ ರೋಗಕ್ಕೆ ತೋರುವ ನಿರೋಧಕತೆಗೆ ಪ್ರಸಿದ್ಧವಾಗಿದ್ದು, ಬೇರುಕಾಂಡವಾಗಿ ಬಳಕೆಯಲ್ಲಿದೆ.

ಜೊತೆಗೆ ಮಣ್ಣು ಪರೀಕ್ಷೆ ಮಾಡಿಸಿ. ಹನಿ ಕೊಳವೆಯ ಬುಡದಿಂದಲೂ ಎರಡು ಸಾಲುಗಳ ನಡುವಿನಿಂದಲೂ ಬೇರೆಬೇರೆಯಾಗಿ ಮಾದರಿ ತೆಗೆಯಿರಿ, ಏಕೆಂದರೆ ಉಪ್ಪು ಒದ್ದೆ ವಲಯದ ಅಂಚಿನಲ್ಲಿ ಹೆಚ್ಚು ಕೂಡುತ್ತದೆ. ನೋಡಬೇಕಾದ ಅಂಕಿಗಳು: ರಸಸಾರ (pH), ಲವಣಾಂಶ (EC), ಸಾವಯವ ಇಂಗಾಲ, ಲಭ್ಯ ರಂಜಕ. ರಸಸಾರ 6ರಿಂದ 7ರ ನಡುವೆ ಇದ್ದರೆ ಟೊಮೆಟೊಗೂ ಹೆಚ್ಚಿನ ಜೀವಾಣುಗಳಿಗೂ ಒಗ್ಗುತ್ತದೆ. ಲವಣಾಂಶದ ಅಂಕಿ ಓದುವಾಗ ಎಚ್ಚರ ಬೇಕು. ಪೂರ್ಣ ನೀರುಂಡ ಮಣ್ಣಿನ ಸಾರದಲ್ಲಿ ಅಳೆದಾಗ ಮೀಟರ್‌ಗೆ 2.5 ಡೆಸಿಸೀಮನ್ಸ್ ದಾಟಿದರೆ ಟೊಮೆಟೊ ಇಳುವರಿ ಇಳಿಯತೊಡಗುತ್ತದೆ. ಆದರೆ ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದರೆ ಅದೇ ಮಣ್ಣಿನ ಅಂಕಿ ಸುಮಾರು ಅರ್ಧ ಅಥವಾ ಅದಕ್ಕೂ ಕಡಿಮೆ ಬರುತ್ತದೆ. ವರದಿ ಯಾವ ವಿಧಾನದ್ದು ಎಂದು ಕೇಳಿಯೇ ತೀರ್ಮಾನಿಸಿ.

ಹಂತ 2: ಉಪ್ಪು ಇಳಿಸಿ

ಉಪ್ಪು ತುಂಬಿದ ಮಣ್ಣಿಗೆ ಜೀವಾಣು ಹಾಕುವುದು ವ್ಯರ್ಥ. ಬೇರು ನೀರು ಹೀರಲು ಹೆಣಗುವ ಜಾಗದಲ್ಲಿ ಜೀವಾಣುವಿನ ಕೋಶಕ್ಕೂ ಅದೇ ಪಾಡು.

ನೀರು ಹಾಯಿಸಿ ತೊಳೆಯುವುದು ನೇರವಾದ ದಾರಿ. ಎಷ್ಟು ಆಳದ ಮಣ್ಣು ತೊಳೆಯಬೇಕೋ ಅಷ್ಟೇ ಎತ್ತರದ ನೀರು ಅದರ ಮೂಲಕ ಹಾದುಹೋದರೆ ಕರಗುವ ಉಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಇಳಿದುಹೋಗುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. 30 ಸೆಂಟಿಮೀಟರ್ ಮಣ್ಣಿಗೆ 30 ಸೆಂಟಿಮೀಟರ್ ನೀರು, ಅಂದರೆ 1000 ಚದರ ಮೀಟರ್‌ಗೆ 3 ಲಕ್ಷ ಲೀಟರ್. ಒಮ್ಮೆಗೇ ಬಿಡುವ ಬದಲು ಬಿಟ್ಟು ಬಿಟ್ಟು ಹಾಯಿಸಿದರೆ ಕಡಿಮೆ ನೀರಿನಲ್ಲಿ ಕೆಲಸವಾಗುತ್ತದೆ. ಕೆಳಗೆ ಬಸಿಯುವ ದಾರಿ ಇಲ್ಲದಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ, ಉಪ್ಪು ಮರಳಿ ಮೇಲೇರುತ್ತದೆ. ಸೋಡಿಯಂ ಹೆಚ್ಚಿರುವ ಮಣ್ಣಾದರೆ ಮೊದಲು ಜಿಪ್ಸಂ, ಆಮೇಲೆ ನೀರು.

ಅಷ್ಟು ನೀರಿಲ್ಲದವರಿಗೆ ಇನ್ನೊಂದು ಉಪಾಯವಿದೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಎರಡು ಟೊಮೆಟೊ ಬೆಳೆಗಳ ನಡುವಿನ ಬಿಸಿ ದಿನಗಳಲ್ಲಿ ಯಾವ ಗೊಬ್ಬರವನ್ನೂ ಕೊಡದೆ ಜೋಳ ಅಥವಾ ಮೆಕ್ಕೆಜೋಳವನ್ನು ಒತ್ತಾಗಿ ಬಿತ್ತಿ, 40ರಿಂದ 60 ದಿನಕ್ಕೆ ಹಸಿರಾಗಿ ಕೊಯ್ದು ಹೊರಗೆ ಸಾಗಿಸಿ. ಉಳಿದುಹೋದ ನೈಟ್ರೇಟ್ ಮತ್ತು ಪೊಟ್ಯಾಷ್ ಅದರ ಜೊತೆ ಹೊರಹೋಗುತ್ತವೆ. ಅಂತರ್ಜಲಕ್ಕೆ ನೈಟ್ರೇಟ್ ಇಳಿಯುವುದೂ ತಪ್ಪುತ್ತದೆ. ಮಣ್ಣಿನಲ್ಲಿ ಉಳಿದ ಅದರ ಬೇರು ಜೀವಾಣುಗಳಿಗೆ ಆಹಾರವಾಗುತ್ತದೆ.

ಹಂತ 3: ಮಣ್ಣು ಕಾಯಿಸುವುದು, ರೋಗ ಬಲವಾಗಿದ್ದರೆ ಮಾತ್ರ

ಬೇರುಗಂಟು ಅಥವಾ ಸೊರಗು ರೋಗ ಬಲವಾಗಿ ಕಂಡಿದ್ದರೆ ಮಾತ್ರ ಈ ಹಂತ. ಇಲ್ಲದಿದ್ದರೆ ಇದನ್ನು ದಾಟಿ ಮುಂದೆ ಹೋಗಿ, ಇರುವ ಒಳ್ಳೆಯ ಜೀವಿಗಳನ್ನು ಕೊಲ್ಲುವುದು ಬೇಡ.

ವರ್ಷದ ಅತಿ ಬಿಸಿಲಿನ ಅವಧಿಯಲ್ಲಿ ಮಣ್ಣನ್ನು ಹುಡಿ ಮಾಡಿ, ಚೆನ್ನಾಗಿ ನೀರುಣಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡಿ. ಹಸಿರುಮನೆಯನ್ನೂ ಮುಚ್ಚಿಟ್ಟರೆ ಕಾವು ಇನ್ನೂ ಏರುತ್ತದೆ. ಕಪ್ಪು ಹಾಳೆ ಇದಕ್ಕೆ ಆಗದು, ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಒಣ ಮಣ್ಣಿನಲ್ಲಿ ಕಾವು ಆಳಕ್ಕೆ ಇಳಿಯುವುದಿಲ್ಲ, ಆದ್ದರಿಂದ ತೇವ ಕಡ್ಡಾಯ.

ಬಿಸಿಲು ಸಾಲದ ಕಡೆ ಜಪಾನ್ ಮತ್ತು ನೆದರ್ಲ್ಯಾಂಡ್ಸ್‌ಗಳಲ್ಲಿ ಬೆಳೆದು ಬಂದ ವಿಧಾನವೊಂದಿದೆ. ಚದರ ಮೀಟರ್‌ಗೆ 1ರಿಂದ 2 ಕೆ.ಜಿ. ಅಕ್ಕಿ ಅಥವಾ ಗೋಧಿ ತೌಡನ್ನು 15ರಿಂದ 20 ಸೆಂಟಿಮೀಟರ್ ಆಳಕ್ಕೆ ಬೆರೆಸಿ, ಮಣ್ಣು ಕೆಸರಾಗುವಷ್ಟು ನೀರು ಕೊಟ್ಟು, ಹಾಳೆ ಹೊದಿಸಿ ಸುಮಾರು ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವುದು. ಮಣ್ಣಿನ ಉಷ್ಣತೆ 30 ಡಿಗ್ರಿಯ ಆಸುಪಾಸಿನಲ್ಲಿರಬೇಕು. ತೌಡನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಆಗ ಹುಟ್ಟುವ ಅಸಿಟಿಕ್, ಬ್ಯುಟಿರಿಕ್ ಆಮ್ಲಗಳು ರೋಗಕಾರಕಗಳನ್ನು ಕೊಲ್ಲುತ್ತವೆ. ಹಾಳೆ ತೆಗೆದಾಗ ಕೊಳೆತ ಕೆಸರಿನ ವಾಸನೆ ಬಂದರೆ ಕೆಲಸ ನಡೆದಿದೆ ಎಂದರ್ಥ. ಆ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ 7ರಿಂದ 10 ದಿನ ಗಾಳಿಯಾಡಲು ಬಿಡಿ.

ಯಾವ ವಿಧಾನದಲ್ಲೇ ಆಗಲಿ, ಹಾಳೆ ತೆಗೆದ ಮೇಲಿನ ಕೆಲವು ದಿನಗಳು ಇಡೀ ಯೋಜನೆಯಲ್ಲೇ ಅತಿ ಬೆಲೆಯುಳ್ಳವು. ಮಣ್ಣು ಅರೆಖಾಲಿಯಾಗಿರುತ್ತದೆ, ಮೊದಲು ಬಂದವರು ಅದನ್ನು ಹಿಡಿಯುತ್ತಾರೆ. ನೀವು ಪುಷ್ಟೀಕರಿಸಿದ ಗೊಬ್ಬರವನ್ನು (ಒಳಗೆ ಜೀವಾಣು ಬೆಳೆಸಿದ ಗೊಬ್ಬರ, ಹಂತ 6 ನೋಡಿ) ಕೊಡದಿದ್ದರೆ ಆಳದ ಮಣ್ಣಿನಿಂದ, ಸಲಕರಣೆಗಳಿಂದ, ಕಾಲಿನ ಧೂಳಿನಿಂದ ರೋಗಕಾರಕಗಳೇ ಮೊದಲು ಬರುತ್ತವೆ. ಹಾಗಾಗಿ ಗೊಬ್ಬರದ ಗುಡ್ಡೆ ಹಾಳೆ ತೆಗೆಯುವ ದಿನಕ್ಕೆ ಸಿದ್ಧವಿರಲಿ. ಮಣ್ಣನ್ನು ಆಮೇಲೆ 10 ಸೆಂಟಿಮೀಟರ್‌ಗಿಂತ ಆಳಕ್ಕೆ ತಿರುವಬೇಡಿ. ಕಾಯಿಸಿದ ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಕುಗ್ಗಿರುತ್ತವೆ, ಆದ್ದರಿಂದ ಮೊದಲ ಕೆಲವು ವಾರ ಯೂರಿಯಾ, ಅಮೋನಿಯಂ ಗೊಬ್ಬರಗಳನ್ನು ದೂರವಿಡಿ.

ಹಂತ 4: ಯಾವ ಜೀವಾಣು, ಯಾವ ಕೆಲಸಕ್ಕೆ

ಹತ್ತು ಹದಿನೈದು ಹೆಸರುಗಳನ್ನು ಒಂದೇ ಬಾಟಲಿಯಲ್ಲಿ ತುಂಬಿದ ಮಿಶ್ರಣಗಳಿಗಿಂತ ಕೆಲಸ ಗೊತ್ತಿರುವ ಮೂರು ನಾಲ್ಕನ್ನು ಆರಿಸಿಕೊಳ್ಳುವುದು ಮೇಲು.

ಟ್ರೈಕೋಡರ್ಮಾ ಹಾರ್ಜಿಯಾನಂ ಅಥವಾ ಆಸ್ಪೆರೆಲ್ಲಂ ಒಂದು ಶಿಲೀಂಧ್ರ. ಬೇರೆ ಶಿಲೀಂಧ್ರದ ಎಳೆಯನ್ನು ಸುತ್ತಿಕೊಂಡು, ಅದರ ಗೋಡೆಯನ್ನು ಕರಗಿಸಿ ತಿನ್ನುತ್ತದೆ. ಸಸಿ ಕೊಳೆ ತರುವ ಪಿಥಿಯಂ ಮತ್ತು ರೈಜೋಕ್ಟೋನಿಯಾ, ಸೊರಗು ತರುವ ಫ್ಯುಸೇರಿಯಂ ಇರುವಲ್ಲಿ ಇದೇ ಮೊದಲ ಆಯ್ಕೆ. ಸ್ವಲ್ಪ ಹುಳಿ ಮಣ್ಣಿಗೂ ಒಗ್ಗುತ್ತದೆ.

ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಅದರ ಬಂಧು ಬ್ಯಾಸಿಲಸ್ ಅಮೈಲೋಲಿಕ್ವಿಫೇಸಿಯನ್ಸ್ ಬೀಜಕ ಕಟ್ಟುವ ಬ್ಯಾಕ್ಟೀರಿಯಾಗಳು. ಬಿಸಿ, ಒಣಗು, ದೀರ್ಘ ಶೇಖರಣೆ ಎಲ್ಲವನ್ನೂ ತಾಳುವುದರಿಂದ ಹಸಿರುಮನೆಯ ಕಾವಿಗೆ ಹೊಂದುತ್ತವೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಬೇರಿನ ಮೇಲೆ ಇನ್ನೂ ಚುರುಕಾಗಿ ಹಬ್ಬುತ್ತದೆ, ಕಬ್ಬಿಣವನ್ನು ಕಟ್ಟಿಹಾಕಿ ರೋಗಕಾರಕಗಳಿಗೆ ಸಿಗದಂತೆ ಮಾಡುತ್ತದೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತದೆ. ಆದರೆ ಅದಕ್ಕೆ ಬೀಜಕವಿಲ್ಲ, ಬಿಸಿಯಲ್ಲಿಟ್ಟ ಪೊಟ್ಟಣದಲ್ಲಿ ಬೇಗ ಸಾಯುತ್ತದೆ.

ಜಂತುಹುಳು ಇದ್ದರೆ ಪರ್ಪ್ಯೂರಿಯೋಸಿಲಿಯಂ ಲಿಲಾಸಿನಂ. ಹಳೆಯ ಪೊಟ್ಟಣಗಳ ಮೇಲೆ ಇದಕ್ಕೆ ಪೆಸಿಲೋಮೈಸಿಸ್ ಎಂಬ ಹೆಸರಿರುತ್ತದೆ. ಇದು ಹುಳುವಿನ ಮೊಟ್ಟೆಗಳನ್ನು ತಿನ್ನುತ್ತದೆ, ಬೇರಿನೊಳಗೆ ಆಗಲೇ ಹೊಕ್ಕ ಹುಳುವಿಗೆ ಏನೂ ಮಾಡಲಾರದು. ಪೊಕೋನಿಯಾ ಕ್ಲಾಮಿಡೋಸ್ಪೋರಿಯಾ ಕೂಡ ಇದೇ ಬಗೆಯದು.

ಮೈಕೋರೈಜಾ ಶಿಲೀಂಧ್ರ ಬೇರಿನೊಳಗೆ ಹೊಕ್ಕು, ಹೊರಗೆ ನೂಲು ಚಾಚಿ ರಂಜಕ, ಸತು ಮತ್ತು ನೀರನ್ನು ದೂರದಿಂದ ತಂದುಕೊಡುತ್ತದೆ. ಜೀವಂತ ಬೇರಿಲ್ಲದೆ ಬೆಳೆಯಲಾರದು. ಮಣ್ಣಿನಲ್ಲಿ ರಂಜಕ ಹೆಚ್ಚಿದ್ದರೆ ಗಿಡವೇ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಳೆಯ ಹಸಿರುಮನೆಗಳಲ್ಲಿ ರಂಜಕ ಸಾಮಾನ್ಯವಾಗಿ ತುಂಬಿ ತುಳುಕುತ್ತಿರುತ್ತದೆ. ಅಂಥಲ್ಲಿ ಮೈಕೋರೈಜಾಕ್ಕೆ ದುಡ್ಡು ಸುರಿಯುವ ಮೊದಲು ಮಣ್ಣಿನ ವರದಿಯನ್ನು ಇನ್ನೊಮ್ಮೆ ನೋಡಿ. ರಂಜಕ ಕರಗಿಸುವ ಬ್ಯಾಸಿಲಸ್ ಮೆಗಾಟೇರಿಯಂ ಇಂಥ ಮಣ್ಣಿನಲ್ಲಿ ಹೆಚ್ಚು ಉಪಯುಕ್ತ. ಸುಣ್ಣದ ಅಥವಾ ಕಬ್ಬಿಣದ ಜೊತೆ ಸೇರಿ ಬಂಧಿಯಾದ ರಂಜಕವನ್ನು ಅದು ಆಮ್ಲ ಸ್ರವಿಸಿ ಬಿಡಿಸುತ್ತದೆ.

ಅಜೋಸ್ಪಿರಿಲಂ, ಅಜೋಟೋಬ್ಯಾಕ್ಟರ್ ಬಗ್ಗೆ ನಿರೀಕ್ಷೆ ಹಿತಮಿತವಾಗಿರಲಿ. ಒಂದು ಟನ್ ಟೊಮೆಟೊ ಹಣ್ಣಿಗೆ ಗಿಡ ಸುಮಾರು 2.5 ಕೆ.ಜಿ. ಸಾರಜನಕ ತೆಗೆದುಕೊಳ್ಳುತ್ತದೆ. ಹಸಿರುಮನೆಯ ಇಳುವರಿಗೆ ಬೇಕಾದಷ್ಟನ್ನು ಈ ಜೀವಾಣುಗಳು ಗಾಳಿಯಿಂದ ಹಿಡಿದು ಕೊಡಲಾರವು. ಅಜೋಸ್ಪಿರಿಲಂನ ನಿಜವಾದ ಉಪಕಾರ ಬೇರೆ: ಅದು ಸ್ರವಿಸುವ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕದಿಂದ ಪಕ್ಕಬೇರು, ಬೇರುಗೂದಲು ಹೆಚ್ಚಾಗುತ್ತವೆ.

ಹಂತ 5: ಕೊಳ್ಳುವಾಗ, ಇಡುವಾಗ

ಪೊಟ್ಟಣದ ಮೇಲೆ ಜೀವಾಣುವಿನ ಪೂರ್ತಿ ಹೆಸರು, ಗ್ರಾಂ ಅಥವಾ ಮಿಲಿಲೀಟರ್‌ಗೆ ಎಷ್ಟು ಜೀವಂತ ಕಣ, ತಯಾರಾದ ಮತ್ತು ಮುಗಿಯುವ ದಿನಾಂಕ ಇರಲೇಬೇಕು. ಪುಡಿ ರೂಪದವು ಸಾಮಾನ್ಯವಾಗಿ ಆರು ತಿಂಗಳು, ದ್ರವ ರೂಪದವು ವರ್ಷದವರೆಗೆ ಬಾಳುತ್ತವೆ. ಹಸಿರುಮನೆಯ ಮೂಲೆಯಲ್ಲಿ ಇಡಬೇಡಿ, ನೆರಳಿನ ತಂಪು ಕೋಣೆ ಬೇಕು.

ಟ್ರೈಕೋಡರ್ಮಾ ಬದುಕಿದೆಯೇ ಎಂದು ಮನೆಯಲ್ಲೇ ನೋಡಬಹುದು. ಎರಡು ಶುಚಿಯಾದ ಡಬ್ಬಿಗಳಲ್ಲಿ ಬೇಯಿಸಿ ಆರಿಸಿದ ಅಕ್ಕಿ ಹಾಕಿ, ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಉದುರಿಸಿ, ಎರಡನ್ನೂ ಸಡಿಲವಾಗಿ ಮುಚ್ಚಿ ನೆರಳಿನಲ್ಲಿಡಿ. ನಾಲ್ಕೈದು ದಿನಕ್ಕೆ ಪುಡಿ ಹಾಕಿದ ಡಬ್ಬಿಯಲ್ಲಿ ಬಿಳಿ ಎಳೆ ಹಬ್ಬಿ ಹಸಿರಾಗಬೇಕು, ಇನ್ನೊಂದರಲ್ಲಿ ಆಗಬಾರದು. ಇದು ತಳಿಯ ಗುಣವನ್ನು ಹೇಳದು, ಸತ್ತ ಸರಕನ್ನು ಮಾತ್ರ ಹಿಡಿದುಕೊಡುತ್ತದೆ. ಪರೀಕ್ಷೆ ಮುಗಿದ ಮೇಲೆ ಡಬ್ಬಿ ಸಮೇತ ಹೂತುಬಿಡಿ.

ಬೆಲ್ಲದ ನೀರಿನ ತೆರೆದ ಡ್ರಮ್ಮಿನಲ್ಲಿ ಒಂದು ಬಾಟಲಿಯನ್ನು ನೂರು ಲೀಟರ್ ಮಾಡುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಶುಚಿಯಾದ ವ್ಯವಸ್ಥೆಯಿಲ್ಲದೆ ಅಲ್ಲಿ ಹೆಚ್ಚುವುದು ನೀವು ಹಾಕಿದ ಜೀವಾಣುವೇ ಎಂಬ ಭರವಸೆಯಿಲ್ಲ. ಸಿಹಿ ಬೆರೆಸಿದ ಇಂಥ ದ್ರವಗಳಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳೂ ಬೆಳೆಯಬಲ್ಲವು, ಟೊಮೆಟೊವನ್ನು ಹಸಿಯಾಗಿಯೇ ತಿನ್ನುವವರಿದ್ದಾರೆ.

ಹಂತ 6: ಗೊಬ್ಬರವನ್ನು ಪುಷ್ಟೀಕರಿಸುವುದು

ನಾಟಿಗೆ 20 ದಿನ ಮೊದಲು ಈ ಕೆಲಸ ಶುರುವಾಗಲಿ. 1000 ಚದರ ಮೀಟರ್‌ನಲ್ಲಿ ಸುಮಾರು 2500 ಗಿಡ ಎಂದುಕೊಂಡು, ಗಿಡಕ್ಕೆ 150 ಗ್ರಾಂ ಲೆಕ್ಕದಲ್ಲಿ 400 ಕೆ.ಜಿ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ತೆಗೆದುಕೊಳ್ಳಿ. ಅದಕ್ಕೆ 40 ಕೆ.ಜಿ. ಪುಡಿ ಮಾಡಿದ ಬೇವಿನ ಹಿಂಡಿ, 4 ಕೆ.ಜಿ. ಟ್ರೈಕೋಡರ್ಮಾ. ಜಂತುಹುಳು ಇರುವಲ್ಲಿ ಇದರ ಅರ್ಧ ಗುಡ್ಡೆಯನ್ನು ಬೇರೆಯಾಗಿಟ್ಟು, ಟ್ರೈಕೋಡರ್ಮಾ ಬದಲು ಅದೇ ಪ್ರಮಾಣದ ಪರ್ಪ್ಯೂರಿಯೋಸಿಲಿಯಂ ಬೆರೆಸಿ. ನಾಟಿಯ ಸಮಯದಲ್ಲಿ ಎರಡನ್ನೂ ಸೇರಿಸಿಕೊಳ್ಳಬಹುದು, ಬೆಳೆಯುವಾಗ ಮಾತ್ರ ಒಂದಕ್ಕೊಂದು ಪೈಪೋಟಿ ಕೊಡದಿರಲಿ.

ಗೊಬ್ಬರದೊಳಗೆ ಕೈಯಿಟ್ಟರೆ ಬೆಚ್ಚಗೂ ಇರಬಾರದು. ಇನ್ನೂ ಕಾಯುತ್ತಿರುವ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬದುಕುವುದಿಲ್ಲ. ತೇವದ ಹದವನ್ನು ಮುಷ್ಟಿಯಿಂದಲೇ ನೋಡಿ: ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಒಸರಬಾರದು. ನೆರಳಿನಲ್ಲಿ ಒಂದು ಮೊಳ ಎತ್ತರಕ್ಕೆ ಹರಡಿ, ಒದ್ದೆ ಗೋಣಿಚೀಲ ಹೊದಿಸಿ. ಐದಾರು ದಿನಕ್ಕೆ ಚೀಲ ಎತ್ತಿ ನೋಡಿದರೆ ಮೇಲ್ಮೈಯಲ್ಲಿ ಬಿಳಿ ನೂಲು ಹರಡಿ, ಅಲ್ಲಲ್ಲಿ ತಿಳಿಹಸಿರು ಪುಡಿ ಕೂತಿರುತ್ತದೆ. ಕೆಲವು ತಳಿಗಳಲ್ಲಿ ಕೊಬ್ಬರಿಯ ಪರಿಮಳವೂ ಬರುತ್ತದೆ. ಆಗ ತಿರುವಿಹಾಕಿ, ಬೇಕಾದರೆ ನೀರು ಚಿಮುಕಿಸಿ ಮತ್ತೆ ಮುಚ್ಚಿ. 15 ದಿನಕ್ಕೆ ಗುಡ್ಡೆಯ ಒಳಗೂ ಅದೇ ನೂಲು ಕಾಣಬೇಕು. ಕಪ್ಪು ಬೂಷ್ಟು ಬಂದು ಮುಗ್ಗು ವಾಸನೆ ಹೊಡೆದರೆ ಆ ಗುಡ್ಡೆಯನ್ನು ಬಳಸಬೇಡಿ.

ಪುಡಿ ಬೆರೆಸುವಾಗ ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸದಿಂದ ದೂರವಿರುವುದು ಲೇಸು.

ಇದಲ್ಲದೆ ಇಡೀ ಮಡಿಗೆ ಚದರ ಮೀಟರ್‌ಗೆ 2ರಿಂದ 3 ಕೆ.ಜಿ. ಸಾದಾ ಕಾಂಪೋಸ್ಟ್ ಬೇಕು. ಅದರ ಲವಣಾಂಶವನ್ನೂ ಅಳೆಸಿ. ಕೋಳಿ ಗೊಬ್ಬರ ಹೆಚ್ಚಿರುವ ಕಾಂಪೋಸ್ಟ್ ನೀವು ತೊಳೆದು ಇಳಿಸಿದ ಉಪ್ಪನ್ನೇ ವಾಪಸು ತರುತ್ತದೆ.

ಹಂತ 7: ಸಸಿಮಡಿ

ಒಂದೇ ಕಡೆ ದುಡ್ಡು ಖರ್ಚು ಮಾಡಲು ಸಾಧ್ಯವೆಂದರೆ ಇಲ್ಲಿ ಮಾಡಿ. ಬಿತ್ತನೆ ಬೀಜಕ್ಕೆ ಕಂಪನಿಯೇ ಶಿಲೀಂಧ್ರನಾಶಕ ಲೇಪಿಸಿರುವುದು ಸಾಮಾನ್ಯ, ಬೀಜದ ಬಣ್ಣದಿಂದಲೇ ತಿಳಿಯುತ್ತದೆ. ಅಂಥ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ ಪ್ರಯೋಜನವಿಲ್ಲ, ಮಾಧ್ಯಮಕ್ಕೆ ಕೊಡಿ.

ಮಡಿಯ ಮಣ್ಣಿನಲ್ಲಿ ರಂಜಕ ಹೆಚ್ಚಿಲ್ಲದಿದ್ದರೆ, ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿಗೆ ಬಿತ್ತನೆಯ ದಿನವೇ ಮೈಕೋರೈಜಾ ಸೇರಿಸಿ, ಬೀಜದ ಕೆಳಗೆ ಬರುವಂತೆ ಇರಲಿ. ಅದು ಬೇರಿನೊಳಗೆ ನೆಲೆಯೂರಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಆ ಅವಧಿಯಲ್ಲಿ ರಂಜಕ ಕಡಿಮೆ ಇರುವ ಪೋಷಕ ದ್ರಾವಣವನ್ನೇ ಕೊಡಿ. ನಾಟಿಗೆ 8ರಿಂದ 10 ದಿನ ಮೊದಲು ಲೀಟರ್‌ಗೆ 10 ಗ್ರಾಂ ಟ್ರೈಕೋಡರ್ಮಾ ಕಲಸಿ, ಬಟ್ಟೆಯಲ್ಲಿ ಸೋಸಿ, ಟ್ರೇ ಪೂರ್ತಿ ನೆನೆಯುವಂತೆ ಹನಿಸಿ. ಸಸಿಗಳನ್ನು ಹೊರಗಿನಿಂದ ಕೊಳ್ಳುವುದಾದರೆ ಮುಂಚಿತವಾಗಿ ಮಾತನಾಡಿ ಇದನ್ನು ಮಾಡಿಸಿ, ಶಿಲೀಂಧ್ರನಾಶಕ ಸುರಿಯದಂತೆ ಕೇಳಿಕೊಳ್ಳಿ.

ಹಂತ 8: ನಾಟಿಯ ದಿನ

ಮಡಿ ಹಿಂದಿನ ದಿನವೇ ತೇವಗೊಂಡಿರಲಿ. ಲೀಟರ್‌ಗೆ 10 ಗ್ರಾಂ ಸ್ಯೂಡೋಮೊನಾಸ್ ಅಥವಾ ಬ್ಯಾಸಿಲಸ್ ಕಲಸಿದ ನೀರಿನಲ್ಲಿ ಟ್ರೇಯ ಬುಡವನ್ನು ಅರ್ಧ ಗಂಟೆ ನೆರಳಿನಲ್ಲಿ ಅದ್ದಿಡಿ. ಪ್ರತಿ ಗುಳಿಗೆ ಒಂದು ಹಿಡಿ, ಅಂದರೆ ಆ 150 ಗ್ರಾಂ ಪುಷ್ಟೀಕರಿಸಿದ ಗೊಬ್ಬರ ಹಾಕಿ, ಮಣ್ಣಿನೊಂದಿಗೆ ಕಲಸಿ, ಬೇರುಮುದ್ದೆ ಅದಕ್ಕೆ ತಾಗುವಂತೆ ನೆಡಿ. ಸಂಜೆಯ ಹೊತ್ತು ಒಳ್ಳೆಯದು. ಮೊದಲ ಎರಡು ದಿನ ಸಾದಾ ನೀರು, ರಸಗೊಬ್ಬರ ಬೇಡ.

ಹಂತ 9: ಹನಿ ನೀರಾವರಿಯಲ್ಲಿ ಕೊಡುವುದು

ಹೊರಗಿನಿಂದ ಕೊಟ್ಟ ಜೀವಾಣುಗಳ ಸಂಖ್ಯೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆದ್ದರಿಂದ ಮರುಕಂತು ಬೇಕು. ನಾಟಿಯಾದ 7ರಿಂದ 10 ದಿನಕ್ಕೆ ಮೊದಲನೆಯದು, ನಂತರ ಮೂರು ನಾಲ್ಕು ವಾರಕ್ಕೊಮ್ಮೆ. ಇವುಗಳಲ್ಲಿ ತಪ್ಪಿಸಲೇಬಾರದ ಕಂತು ಮೊದಲ ಗೊಂಚಲಿನ ಕಾಯಿ ಗೋಲಿ ಗಾತ್ರಕ್ಕೆ ಬಂದಾಗಿನದು. ಅಲ್ಲಿಂದ ಮುಂದೆ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗಳೇ ಸೆಳೆದುಕೊಳ್ಳುತ್ತವೆ, ಬೇರಿನ ಬೆಳವಣಿಗೆ ಕುಂದುತ್ತದೆ. ಅಡಗಿ ಕೂತಿದ್ದ ಬೇರುರೋಗಗಳು ತಲೆಯೆತ್ತುವುದು ಹೆಚ್ಚಾಗಿ ಈ ಘಟ್ಟದಲ್ಲೇ.

1000 ಚದರ ಮೀಟರ್‌ಗೆ ಮಿಲಿಲೀಟರ್‌ಗೆ 10 ಕೋಟಿ ಕಣವಿರುವ ದ್ರವ ಉತ್ಪನ್ನ ಅರ್ಧದಿಂದ ಒಂದು ಲೀಟರ್ ಸಾಕು, ಪೊಟ್ಟಣದ ಸೂಚನೆ ಬೇರೆಯಿದ್ದರೆ ಅದನ್ನೇ ಪಾಲಿಸಿ. ಪುಡಿಯನ್ನು ನೇರವಾಗಿ ಹಾಕಬೇಡಿ, ಹನಿಬಾಯಿ ಕಟ್ಟುತ್ತದೆ. ಹಿಂದಿನ ರಾತ್ರಿ ನೆನೆಸಿ, ಮೇಲಿನ ತಿಳಿಯನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಬಳಸಿ. 40 ನಿಮಿಷದ ನೀರಾವರಿಯಾದರೆ ಮೊದಲ 15 ನಿಮಿಷ ಬರಿಯ ನೀರು, ನಡುವಿನ 15 ನಿಮಿಷ ಜೀವಾಣು ದ್ರಾವಣ, ಕೊನೆಯ 10 ನಿಮಿಷ ಮತ್ತೆ ಬರಿಯ ನೀರು. ಕೊಳವೆಯಲ್ಲಿ ಉಳಿದ ದ್ರಾವಣ ಬಿಸಿಲಿಗೆ ಕಾದು ಅಲ್ಲೇ ಲೋಳೆ ಕಟ್ಟದಿರಲೆಂದು ಈ ಕೊನೆಯ ಪಾಳಿ.

ಕ್ಲೋರಿನ್ ಇರುವ ನೀರಾದರೆ ಅಗಲ ಬಾಯಿಯ ತೊಟ್ಟಿಯಲ್ಲಿ ಒಂದು ದಿನ ಬಿಟ್ಟು ಬಳಸಿ. ಆಮ್ಲ ಅಥವಾ ಕ್ಲೋರಿನ್‌ನಿಂದ ಕೊಳವೆ ತೊಳೆಯುವುದಿದ್ದರೆ ಜೀವಾಣು ಕೊಡುವ ಎರಡು ಮೂರು ದಿನ ಮೊದಲೇ ಮುಗಿಸಿ, ಸಾದಾ ನೀರು ಹಾಯಿಸಿ. ರಸಗೊಬ್ಬರದ ಗಟ್ಟಿ ದ್ರಾವಣವಿರುವ ತೊಟ್ಟಿಗೆ ಜೀವಾಣುವನ್ನು ಎಂದೂ ಬೆರೆಸಬೇಡಿ.

ಹಂತ 10: ರಸಗೊಬ್ಬರ ಮತ್ತು ಔಷಧ

ರಂಜಕದಿಂದ ಶುರುಮಾಡಿ. ಮಣ್ಣಿನ ವರದಿಯಲ್ಲಿ ಅದು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ, ಬಹಳ ಹೆಚ್ಚಿದ್ದರೆ ನಿಲ್ಲಿಸಿ. ಸಾರಜನಕವನ್ನು ಮೊದಲ ಬೆಳೆಯಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಡಿತ ಮಾಡಬೇಡಿ, ಎಲೆ ಪರೀಕ್ಷೆ ನೋಡಿಕೊಂಡು ಮುಂದುವರಿಯಿರಿ. ಪೊಟ್ಯಾಷ್ ಹಣ್ಣಿನ ಗುಣಕ್ಕೆ ನೇರ ಕಾರಣ, ಅದನ್ನು ಜೀವಾಣುವಿನ ಭರವಸೆಯ ಮೇಲೆ ಕತ್ತರಿಸಬೇಡಿ. ಫ್ಯುಸೇರಿಯಂ ಇರುವಲ್ಲಿ ಸಾರಜನಕವನ್ನು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಕೊಟ್ಟು, ಸುಣ್ಣದಿಂದ ರಸಸಾರವನ್ನು 6.5ರಿಂದ 7ರ ನಡುವೆ ಹಿಡಿದಿಟ್ಟರೆ ರೋಗ ತಗ್ಗುತ್ತದೆ. ಇದು ಬಹಳ ಹಿಂದೆಯೇ ಕಂಡುಕೊಂಡ ಸತ್ಯ, ಅಗ್ಗದ್ದೂ ಹೌದು.

ಕಾರ್ಬೆಂಡಜಿಮ್ ಮತ್ತು ಥಯೋಫನೇಟ್ ಮೀಥೈಲ್ ಎಂಬ ಶಿಲೀಂಧ್ರನಾಶಕಗಳನ್ನು ಬುಡಕ್ಕೆ ಸುರಿದರೆ ಟ್ರೈಕೋಡರ್ಮಾ ಕೆಲಸ ಮುಗಿದಂತೆ. ತಾಮ್ರದ ಔಷಧ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡಕ್ಕೂ ಕಂಟಕ. ಸ್ಟ್ರೆಪ್ಟೋಮೈಸಿನ್ ಎಂಬ ಬ್ಯಾಕ್ಟೀರಿಯಾನಾಶಕ ಬ್ಯಾಸಿಲಸ್, ಸ್ಯೂಡೋಮೊನಾಸ್‌ಗಳನ್ನೇ ಕೊಲ್ಲಬಹುದು. ಮೆಟಲಾಕ್ಸಿಲ್‌ನಂಥ ಶಿಲೀಂಧ್ರನಾಶಕಗಳನ್ನು ಟ್ರೈಕೋಡರ್ಮಾ ಬಹುಮಟ್ಟಿಗೆ ತಾಳುತ್ತದೆ. ಬುಡಕ್ಕೆ ಔಷಧ ಸುರಿಯುವುದು ಅನಿವಾರ್ಯವಾದರೆ 10ರಿಂದ 15 ದಿನ ಬಿಟ್ಟು ಜೀವಾಣುವನ್ನು ಮತ್ತೆ ಕೊಡಿ. ಎಲೆಗೆ ಸಿಂಪಡಿಸಿದ್ದು ನೆಲಕ್ಕೆ ಹನಿಯದಂತೆ ನೋಡಿಕೊಂಡರೆ ಹೆಚ್ಚು ತೊಂದರೆಯಿಲ್ಲ.

ಹಂತ 11: ಫಲ ಸಿಕ್ಕಿತೇ ಎಂದು ಅಳೆಯುವುದು

ಎರಡು ಸಾಲುಗಳನ್ನು ಜೀವಾಣು ಕೊಡದೆ ಬಿಡಿ. ಉಳಿದ ಗೊಬ್ಬರ, ನೀರು ಎಲ್ಲ ಒಂದೇ ಇರಲಿ. ಬಾಗಿಲ ಪಕ್ಕದ ಅಥವಾ ಅಂಚಿನ ಸಾಲು ಬೇಡ, ನಡುವಿನದಿರಲಿ. ಈ ಎರಡು ಸಾಲು ಬಿಡಲು ಬೆಳೆಗಾರರಿಗೆ ಮನಸ್ಸು ಬರುವುದಿಲ್ಲ, ಆದರೆ ಹೋಲಿಸಿ ನೋಡಲು ಇನ್ನೊಂದು ದಾರಿಯಿಲ್ಲ. ಆ ವರ್ಷದ ಹವೆ, ತಳಿ, ನಿಮ್ಮ ಆರೈಕೆ ಎಲ್ಲವೂ ಬದಲಾಗಿರುವಾಗ ಹೋದ ವರ್ಷದ ಇಳುವರಿಯೊಂದಿಗೆ ಹೋಲಿಸಿ ಯಾವ ತೀರ್ಮಾನಕ್ಕೂ ಬರಲಾಗದು.

ನಾಟಿಯಾದ 45ನೇ ದಿನ ಎರಡೂ ಕಡೆಯಿಂದ ಮೂರು ಮೂರು ಗಿಡ ಅಗೆದು ಬೇರು ತೊಳೆದು ಪಕ್ಕಪಕ್ಕದಲ್ಲಿಡಿ. ಬಿಳಿ ಎಳೆಬೇರು ಎಲ್ಲಿ ದಟ್ಟವಾಗಿದೆ, ಗಂಟು ಎಲ್ಲಿ ಕಡಿಮೆ ಎಂದು ಬರೆದಿಡಿ. ಕೊಯ್ಲಿನ ತೂಕವನ್ನೂ ಸೊರಗಿ ಸತ್ತ ಗಿಡಗಳನ್ನೂ ಸಾಲುವಾರು ಲೆಕ್ಕವಿಡಿ. ಮಣ್ಣಿನ ಜೀವಚಟುವಟಿಕೆ ನೋಡಲು ಅಚ್ಚ ಹತ್ತಿಯ ಬಿಳಿ ಬಟ್ಟೆಯ ಒಂದೇ ಅಳತೆಯ ತುಂಡುಗಳನ್ನು ತೂಗಿ, ಎರಡೂ ಕಡೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಆಳದಲ್ಲಿ ಹೂತು, ಎಂಟು ವಾರದ ಮೇಲೆ ತೆಗೆದು ತೊಳೆದು ಒಣಗಿಸಿ ಮತ್ತೆ ತೂಗಿ. ಹೆಚ್ಚು ಸವೆದು ತೂತಾದ ಬಟ್ಟೆಯಿರುವ ಕಡೆ ಜೀವಿಗಳು ಹೆಚ್ಚು ಚುರುಕಾಗಿವೆ. ಸಾವಯವ ಇಂಗಾಲದ ಅಂಕಿ ಮಾತ್ರ ಒಂದೇ ಬೆಳೆಯಲ್ಲಿ ಕದಲುವುದಿಲ್ಲ, ಅದಕ್ಕೆ ಎರಡು ಮೂರು ವರ್ಷ ಬೇಕು.

ಮುಂದಿನ ಬೆಳೆಯ ಹೊತ್ತಿಗೆ

ಬೆಳೆ ಮುಗಿದ ಮೇಲೆ ಗಿಡಗಳನ್ನು ಬೇರು ಸಮೇತ ಅಗೆದು ಹೊರಗೆ ಸಾಗಿಸಿ. ಬೇರುಗಂಟು ಇದ್ದಲ್ಲಿ ಕಾಂಡ ಮಾತ್ರ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಟ್ಟರೆ ಅದರೊಳಗಿನ ಮೊಟ್ಟೆಗಳು ಮುಂದಿನ ಬೆಳೆಗೆ ಕಾಯುತ್ತವೆ. ನಡುವಿನ ಬಿಡುವಿನಲ್ಲಿ ಹಸಿರೆಲೆ ಗೊಬ್ಬರದ ಸೆಣಬು (ಸನ್‌ಹೆಂಪ್) ಅಥವಾ ಚೆಂಡುಹೂವನ್ನು ಒತ್ತಾಗಿ ಬೆಳೆಸಿ, ಇವು ಬೇರುಗಂಟು ಹುಳುವನ್ನು ಸಾಕುವುದಿಲ್ಲ. ನಿರೋಧಕ ಟೊಮೆಟೊ ತಳಿಯಿದೆ ಎಂದು ಇದನ್ನು ಕೈಬಿಡಬೇಡಿ. ಆ ತಳಿಗಳಲ್ಲಿರುವ ನಿರೋಧಕ ವಂಶವಾಹಿ ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಕೈಕೊಡುತ್ತದೆ, ಹಸಿರುಮನೆಯಲ್ಲಿ ಆ ಉಷ್ಣತೆ ಸುಲಭವಾಗಿ ಬರುತ್ತದೆ.

ಎರಡು ಬೆಳೆಯ ಲೆಕ್ಕ ಕೈಯಲ್ಲಿರುವಾಗ, ಬಿಟ್ಟ ಸಾಲಿಗೂ ಕೊಟ್ಟ ಸಾಲಿಗೂ ವ್ಯತ್ಯಾಸ ತೋರದ ಉತ್ಪನ್ನವನ್ನು ನಿಲ್ಲಿಸಿ, ಆ ಹಣವನ್ನು ಕಾಂಪೋಸ್ಟ್‌ಗೆ ಹಾಕಿ. ಮಣ್ಣು ಸುಧಾರಿಸಿದಂತೆ ಹನಿಯ ಮೂಲಕ ಕೊಡುವ ಕಂತುಗಳನ್ನೂ ಒಂದೊಂದಾಗಿ ಇಳಿಸಬಹುದು, ಕಾಯಿ ಕಟ್ಟುವ ಘಟ್ಟದ ಕಂತನ್ನು ಕೊನೆಗೆ ಬಿಡಿ. ಸಸಿಮಡಿಯ ಉಪಚಾರವನ್ನು ಮಾತ್ರ ಪ್ರತಿ ಬೆಳೆಗೂ ಮಾಡಿ, ಏಕೆಂದರೆ ಪ್ರತಿ ಬೆಳೆಯಲ್ಲೂ ಬೇರು ಹೊಸದು.